ಕಸಿ ಚಾಕು ಮತ್ತು ನಮ್ಮತ್ತೆಯ ಮಾವಿನ ಮರ

ಮಾವಿಗೆ ಕಸಿ ಕಟ್ಟಲು ಯಾವ ಚಾಕು ಒಳ್ಳೆಯದು ಎಂದು ಈಗಲೂ ಯಾರಾದರೊಬ್ಬರು ನನ್ನನ್ನು ಕೇಳುತ್ತಲೇ ಇರುತ್ತಾರೆ. ಆಗೆಲ್ಲ ನನಗೆ ಚಾಕು ನೆನಪಾಗುವುದಿಲ್ಲ, ನಮ್ಮ ಅತ್ತೆ ನೆನಪಾಗುತ್ತಾರೆ. ನಮ್ಮ ಕಡೆ ಒಬ್ಬ ಮನುಷ್ಯ ಗಿಡದ ಮುಂದೆ ಚಾಕು ಹಿಡಿದು ಕುಕ್ಕರುಗಾಲಲ್ಲಿ ಕೂತರೆ ಸಾಕು, ದಾರಿಯಲ್ಲಿ ಹೋಗುವವರೆಲ್ಲ ನಿಂತು ತಮ್ಮ ಕಸುಬಿನ ಬುದ್ಧಿಯನ್ನು ಅದಕ್ಕೆ ಸೇರಿಸಿಯೇ ಹೋಗುತ್ತಾರೆ. ಹಾಗೆ ಸೇರಿಸಿಕೊಂಡು ನಾನು ಪಟ್ಟ ಪಾಡು ಇದು.

ನಾನು ರಾಮನಗರದ ದನದ ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದವನು. ಅದಕ್ಕೆ ಮೊದಲು ತಿಪ್ಪಸಂದ್ರದಲ್ಲಿದ್ದೆ. ಬಿಡದಿಯ ಸುತ್ತ ಒಂದರ ಹಿಂದೆ ಒಂದು ಫ್ಯಾಕ್ಟರಿ ಏಳುತ್ತಿದ್ದ ಕಾಲ ಅದು. ಎತ್ತು ಕಟ್ಟುತ್ತಿದ್ದ ಕೊಟ್ಟಿಗೆಯಲ್ಲಿ ಬೈಕು ನಿಲ್ಲತೊಡಗಿತ್ತು. ಬೈಕಿಗೆ ಕಾಲುಬಾಯಿ ಜ್ವರ ಬರುವುದಿಲ್ಲವಾದ್ದರಿಂದ ನನಗೆ ಬಿಡುವು ಜಾಸ್ತಿಯಾಯಿತು. ಬಿಡುವು ಜಾಸ್ತಿಯಾದಷ್ಟೂ ಕುತೂಹಲ ಜಾಸ್ತಿ. ಯಾವುದನ್ನು ಕಂಡರೂ ಇದು ಹೆಂಗೆ, ಇದು ಯಾಕೆ ಎಂದು ಕೇಳುವ ಚಾಳಿ ನನಗೆ ಹುಟ್ಟಿನಿಂದ ಬಂದದ್ದು. ಹುಟ್ಟುಗುಣ ಸುಟ್ಟರೂ ಹೋಗದಂತೆ.

ಅತ್ತೆಯ, ಅಂದರೆ ನನ್ನ ಹೆಂಡತಿಯ ತಾಯಿಯ, ಊರು ಬೈರಮಂಗಲದ ಪಕ್ಕ. ಅವರ ಹೊಲ ಒಂದು ಫ್ಯಾಕ್ಟರಿಗೆ ಹೋಯಿತು. ಊರೊಳಗಿನ ಮನೆಗೆ ತೊಂದರೆ ಇರಲಿಲ್ಲ, ಮಗನಿಗೆ ಬಿಡದಿಯಲ್ಲಿ ಕೆಲಸವೂ ಇತ್ತು. ಹಾಗಾಗಿ ಹೊಲದ ಬಗ್ಗೆ ಅತ್ತೆ ಹೆಚ್ಚು ಮಾತಾಡಲಿಲ್ಲ. ಅವರ ಸಂಕಟವೆಲ್ಲ ಆ ಹೊಲದ ಬದುವಿನಲ್ಲಿದ್ದ ಒಂದು ಮಾವಿನ ಮರದ್ದು. ಅದರ ಹಣ್ಣು, ಹಣ್ಣಾದರೂ ಹಸಿರಾಗಿಯೇ ಇರುತ್ತದೆ. ಗಿಳಿಗಳಿಗೂ ಗೊತ್ತಾಗುವುದಿಲ್ಲ. ಅತ್ತೆ ಮಾತ್ರ ಮೂಗಿನ ಹತ್ತಿರ ಹಿಡಿದು, "ಇದಾಗೈತೆ, ಇದಕ್ಕೆ ಒಸಿ ಟೇಮ್ ಬೇಕು" ಎಂದು ಬೇರೆ ಮಾಡುತ್ತಿದ್ದರು. ಊರಿನ ಮಾವೆಲ್ಲ ಮುಗಿದ ಮೇಲೆ, ಆಷಾಢದಲ್ಲಿ ಆ ಮರದ ಸರದಿ.

ಅತ್ತೆ ಹೊಸದಾಗಿ ಮದುವೆಯಾಗಿ ಬಂದಾಗ ಅವರ ಅತ್ತೆ ಇವರೊಂದಿಗೆ ಮುಖ ಕೊಟ್ಟು ಮಾತಾಡಿರಲಿಲ್ಲವಂತೆ. ಮೊದಲ ಆಷಾಢಕ್ಕೆ ಪದ್ಧತಿಯಂತೆ ಇವರು ತವರಿಗೆ ಹೋದರು. ಆ ತಿಂಗಳಲ್ಲಿ ಅತ್ತೆ ಸೊಸೆ ಒಂದೇ ಹೊಸಿಲು ದಾಟಬಾರದು, ಮುಖ ನೋಡಬಾರದು. ಒಂದು ದಿನ ತವರಿನ ಬಾಗಿಲಿಗೆ ಒಂದು ಕುಕ್ಕೆ ಹಸಿರು ಹಣ್ಣು ಬಂತು. ತಂದ ಆಳು ಹೇಳಿದ್ದಿಷ್ಟೇ: "ನಿಮ್ಮತ್ತೆಮ್ಮ ಕಳ್ಸವ್ರೆ. ಮಗಾ ತಿನ್ಲಿ ಅಂದ್ರು." ಆ 'ಮಗಾ' ಎಂಬ ಮಾತಿಗೆ ಅತ್ತೆ ಇವತ್ತಿಗೂ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ.

"ಮರ ಹೋದ್ರೆ ಹೋಗ್ಲಿ ಅಳಿಯಂದ್ರೇ, ಆ ರುಚಿ ಹೋಗ್ಬಾರ್ದು," ಎಂದರು ನನಗೆ. "ದನೀನ ಹೊಟ್ಟೆ ಕುಯ್ದು ಹೊಲಿಗೆ ಹಾಕ್ತೀರಂತೆ. ಒಂದು ಮರಕ್ಕೆ ಹಾಕಕ್ಕಾಗಾಕಿಲ್ವಾ?"

ಫ್ಯಾಕ್ಟರಿಯವರು ಹೊಲದಲ್ಲಿ ಕೆಲಸ ಶುರು ಮಾಡುವುದು ಮುಂದಿನ ವರ್ಷದ ಮಳೆಗಾಲಕ್ಕೆ, ಅಲ್ಲಿಯವರೆಗೆ ಮರಕ್ಕೆ ಆಯುಸ್ಸಿತ್ತು. ಮಾಗಡಿ ರಸ್ತೆಯ ಒಂದು ನರ್ಸರಿಯಲ್ಲಿ ವಿಚಾರಿಸಿದೆ. ಓಟೆಯಿಂದ ಬೆಳೆದ ಮಾವಿನ ಸಸಿಯ ತಲೆ ಕತ್ತರಿಸಿ, ಕಾಂಡವನ್ನು ಸೀಳಿ, ಬೇಕಾದ ಮರದ ಕಡ್ಡಿಯನ್ನು ಬೆಣೆಯಂತೆ ಚೂಪಾಗಿಸಿ, ಸೀಳಿನೊಳಗೆ ಕೂರಿಸಿ, ಪಟ್ಟಿ ಸುತ್ತುವುದು. ನರ್ಸರಿಯವನು ಮಾತಾಡುತ್ತಲೇ ಒಂದನ್ನು ಕಟ್ಟಿ ತೋರಿಸಿಬಿಟ್ಟ. "ಇಷ್ಟೇ ಸಾರ್. ಸಾಮಾನು ಒಂದು ಒಳ್ಳೇದಿರ್ಬೇಕು" ಎಂದ. ಉಳಿದದ್ದೆಲ್ಲ ಬಿಟ್ಟು ಆ ಸಾಮಾನಿನ ಮಾತೊಂದು ನನ್ನ ತಲೆಯಲ್ಲಿ ಕೂತಿತು.

ಎಡಗೈ, ಬಲಗೈ

ರಾಮನಗರದ ಕಬ್ಬಿಣದ ಅಂಗಡಿಗೆ ಹೋಗಿ ಕಸಿ ಚಾಕು ಕೇಳಿದೆ. ಅಂಗಡಿಯವರು ಮಡಚುವ ಚಾಕುಗಳ ಒಂದು ರಾಶಿಯನ್ನೇ ಮುಂದೆ ಸುರಿದರು. ಯಾವುದು ಹರಿತ ಎಂದು ಹೇಗೆ ತಿಳಿಯುವುದು ಎಂದು ಕೇಳಿದ್ದು ನನ್ನ ತಪ್ಪು.

"ಕೈ ಕೂದ್ಲ ಮೇಲೆ ಎಳೀರಿ. ಕೂದ್ಲು ಬಂದ್ರೆ ಹರಿತ," ಎಂದರು.

ನಾನು ಎಡಚ. ಎಡಗೈಯಲ್ಲಿ ಚಾಕು ಹಿಡಿದು ಬಲಗೈ ಮೇಲೆ ಎಳೆದೆ. ಮೊಳೆ ಕೊಳ್ಳಲು ಬಂದಿದ್ದ ಒಬ್ಬರು, "ಅಯ್ಯೋ ಅದಲ್ಲ ಸಾರ್, ಇದು ನೋಡಿ" ಎಂದು ಇನ್ನೊಂದು ಕೊಟ್ಟರು. ಹಿಪ್ಪುನೇರಳೆ ಸೊಪ್ಪು ಕೊಯ್ಯಲು ಕುಡುಗೋಲು ಹುಡುಕುತ್ತಿದ್ದವರು ಬಂದು ಮತ್ತೊಂದನ್ನು ಹೊಗಳಿದರು. ಹೆಚ್ಚು ಕಡಿಮೆ ಅಂಗಡಿಗೆ ಬಂದವರೆಲ್ಲ ನನ್ನ ಬಲಗೈ ಮೇಲೆ ಒಂದೊಂದು ಚಾಕು ಪರೀಕ್ಷೆ ಮಾಡಿಸಿದರು. ಎಲ್ಲವೂ ಹರಿತವಾಗಿದ್ದವು. ನಾನು ಒಂದನ್ನು ಆರಿಸಿ ಮನೆಗೆ ಬಂದೆ.

ಹೆಂಡತಿ ಚಾಕು ನೋಡಲಿಲ್ಲ, ಮೊಳಕೈಯಿಂದ ಮಣಿಕಟ್ಟಿನವರೆಗೆ ನುಣ್ಣಗಾಗಿದ್ದ ನನ್ನ ಕೈ ನೋಡಿದಳು.

"ಚಾಕು ತರಕ್ಕೆ ಹೋಗಿದ್ರಾ, ಇಲ್ಲಾ ಮುಡಿ ಕೊಡಕ್ಕೆ ಹೋಗಿದ್ರಾ?"

ಚನ್ನಪಟ್ಟಣದ ಗ್ಯಾರಂಟಿ

ಆ ಚಾಕಿನಲ್ಲಿ ಕುಯ್ದರೆ ಕಡ್ಡಿ ಸಮತಟ್ಟಾಗಿ ಬರದೆ ದೋಣಿಯಂತೆ ಬಗ್ಗುತ್ತಿತ್ತು. ಯಾಕೆ ಎಂದು ತಲೆ ಕೆಡಿಸಿಕೊಂಡು ನೋಡಿದರೆ, ಕಸಿ ಚಾಕಿಗೆ ಒಂದೇ ಕಡೆ ಮಸೆದಿರುತ್ತಾರೆ, ಅದೂ ಬಲಗೈಯವರಿಗೆ ಹೊಂದುವಂತೆ. ಲೋಕದಲ್ಲಿ ಎಡಚರೂ ಗಿಡ ನೆಡುತ್ತಾರೆ ಎಂಬುದು ಚಾಕು ಮಾಡುವವರಿಗೆ ಹೊಳೆದೇ ಇಲ್ಲ. ಇನ್ನೊಂದು ಕಡೆ ಮಸೆಯಿಸಬೇಕಿತ್ತು. ಉಳಿ ಮಸೆಯುವುದರಲ್ಲಿ ಚನ್ನಪಟ್ಟಣದ ಬೊಂಬೆ ಕಡೆಯುವವರನ್ನು ಮೀರಿಸಿದವರಿಲ್ಲ ಎಂದು ಯಾರೋ ಹೇಳಿದರು. ಪರಿಚಯದ ಒಬ್ಬ ಸಾಹೇಬರ ಕಾರ್ಖಾನೆಗೆ ಹೋದೆ. ಅವರ ಮೇಕೆಗೆ ನಾನೊಮ್ಮೆ ಔಷಧ ಕೊಟ್ಟಿದ್ದೆ.

ಚಾಕು ಮಸೆದು ಕೊಟ್ಟರು, ಚೆನ್ನಾಗಿಯೇ ಕೊಟ್ಟರು. ಅಷ್ಟಕ್ಕೆ ನಾನು ಎದ್ದು ಬರಬೇಕಿತ್ತು. ನನ್ನಂಥದ್ದೇ ಕುತೂಹಲ ಅವರಿಗೂ.

"ಇದ್ರಲ್ಲಿ ಏನ್ಮಾಡ್ತೀರಾ ಸಾರ್?"

ಹೇಳಿದೆ. ಚೀಲದಲ್ಲಿದ್ದ ಸಸಿ, ಕಡ್ಡಿ ಎರಡನ್ನೂ ತೋರಿಸಿದೆ. ಎರಡೂ ಒಂದೇ ದಪ್ಪ ಇರಬೇಕು, ನಡುವೆ ಸಂದಿ ಇರಬಾರದು, ಒಳಗೆ ನೀರು ಹೋಗಬಾರದು ಎಂದು ನರ್ಸರಿಯವನು ಹೇಳಿದ್ದನ್ನೆಲ್ಲ ಒಪ್ಪಿಸಿದೆ.

"ಇಷ್ಟೇನಾ? ನೀವು ಟೀ ಕುಡ್ಕೊಂಡ್ ಬನ್ನಿ."

ನಾನು ಟೀ ಕುಡಿದು ಬರುವಷ್ಟರಲ್ಲಿ ಸಾಹೇಬರು ಸಸಿಯನ್ನು ಬುಡದಲ್ಲಿ ಕತ್ತರಿಸಿ, ಅದನ್ನೂ ಕಡ್ಡಿಯನ್ನೂ ಲೇತಿಗೆ ಕಟ್ಟಿ, ತೊಗಟೆಯೆಲ್ಲ ಕಡೆದು ಹಾಕಿ, ಎರಡನ್ನೂ ಒಂದೇ ದಪ್ಪಕ್ಕೆ ತಂದು, ಒಂದರೊಳಗೊಂದು ಕೂರಿಸಿ, ಮೇಲೆ ಅರಗು ಹಾಕಿ ಮುಗಿಸಿದ್ದರು. ಕೆಳಗೆ ಕೆಂಪು, ಮೇಲೆ ಹಳದಿ, ಸೇರುವ ಜಾಗದಲ್ಲಿ ಒಂದು ಹಸಿರು ಪಟ್ಟೆ. ಮುಖ ಕಾಣುವ ಹಾಗೆ ಹೊಳೆಯುತ್ತಿತ್ತು. ಉಗುರಿನಿಂದ ಸವರಿದರೂ ಸಂದಿ ಸಿಗಲಿಲ್ಲ.

"ಸಾಹೇಬ್ರೇ, ಇದು ಚಿಗುರಬೇಕಲ್ಲ?" ಎಂದೆ, ಅಳುವುದೋ ನಗುವುದೋ ತಿಳಿಯದೆ.

ಅವರು ಅದನ್ನು ಬೆಳಕಿಗೆ ಹಿಡಿದು ಒಂದು ಸುತ್ತು ತಿರುಗಿಸಿ ನೋಡಿದರು. "ಚಿಗ್ರೋದು ನಂಗೊತ್ತಿಲ್ಲ ಸಾರ್. ಆದ್ರೆ ಒಣ್ಗೋದಿಲ್ಲ. ಗ್ಯಾರಂಟಿ."

ಅದು ಈಗಲೂ ನಮ್ಮ ಮನೆಯಲ್ಲಿದೆ. ಹೆಂಡತಿ ಪೂರಿ ಲಟ್ಟಿಸುತ್ತಾಳೆ.

ರೇಷ್ಮೆ ಪಟ್ಟಿ

ಎಡಗೈಗೆ ಹೊಂದಿದ ಚಾಕು ಸಿಕ್ಕಿತು. ಅತ್ತೆ ಹಿತ್ತಿಲಿನಲ್ಲಿ ಸಾಲಾಗಿ ಪ್ಲಾಸ್ಟಿಕ್ ಚೀಲಗಳಲ್ಲಿ ಓಟೆ ಹಾಕಿ ಸಸಿ ಎಬ್ಬಿಸಿದ್ದರು. ಅವುಗಳಲ್ಲಿ ಕೆಲವಕ್ಕೆ ಕಸಿ ಕಟ್ಟಿ, ಅತ್ತೆಯ ವಶಕ್ಕೇ ಬಿಟ್ಟು ಬಂದೆ. ರಾಮನಗರದಲ್ಲಿ ನಮ್ಮದು ಮಹಡಿಯ ಬಾಡಿಗೆ ಮನೆ, ತುಳಸಿಗೇ ಜಾಗವಿರಲಿಲ್ಲ. "ನೀವೇನೂ ಯೋಚ್ನೆ ಮಾಡ್ಬೇಡಿ, ನಾನು ನೋಡ್ಕತೀನಿ" ಎಂದರು ಅತ್ತೆ. ಮುಂದಿನ ಭಾನುವಾರ ಹೋದರೆ ಎಲ್ಲ ಕಪ್ಪಗೆ ಸುರುಟಿಕೊಂಡಿದ್ದವು.

ಚಾಕು ಸರಿಯಿದ್ದ ಮೇಲೆ ತಪ್ಪು ಪಟ್ಟಿಯದ್ದೇ ಇರಬೇಕು ಎಂದುಕೊಂಡೆ. ನಾನು ಸುತ್ತಿದ್ದು ಆಸ್ಪತ್ರೆಯಲ್ಲಿ ದನದ ಕಾಲಿಗೆ ಸುತ್ತುವಂಥ ಬಟ್ಟೆ ಪಟ್ಟಿ. ಈ ಸಲ ಒಂದು ಸಸಿಯನ್ನು ಬೈಕಿನಲ್ಲಿ ಮನೆಗೇ ತಂದು, ಕಡ್ಡಿ ಕೂರಿಸಿ, ಏನು ಸುತ್ತಲಿ ಎಂದು ಯೋಚಿಸುತ್ತಾ ಮೆಟ್ಟಿಲ ಮೇಲೆ ಕೂತಿದ್ದೆ. ಕೆಳಗಿನ ಮನೆಯವರು ರೇಷ್ಮೆ ರೀಲರು. ಗೂಡು ಬೇಯಿಸಿ ನೂಲು ತೆಗೆಯುವುದು ಅವರ ತಲೆತಲಾಂತರದ ಕಸುಬು.

"ಅಲ್ಲಾ ಸಾರ್, ಕಣ್ಣಿಗೆ ಕಾಣದ ಎಳೆ ಕಿತ್ತೋದ್ರೆ ಓಡ್ತಿರೋ ಚರಕದಲ್ಲೇ ಸೇರಿಸ್ತೀವಿ ನಾವು. ಇಷ್ಟು ದಪ್ಪ ಮರ ಸೇರಿಸಕ್ಕಾಗಲ್ವಾ? ಕೊಡಿ ಇಲ್ಲಿ."

ಅವರು ಕೂತರು. ಅವರ ಅಣ್ಣ ಬಂದು ಸಸಿ ಹಿಡಿದುಕೊಂಡರು. ಅವರ ತಾಯಿ ಬಾಗಿಲಲ್ಲಿ ನಿಂತು ಎಲ್ಲಿ ಸಡಿಲವಾಯಿತು ಎಂದು ಬೈಯುತ್ತಿದ್ದರು. ಎಳೆಯ ಮೇಲೆ ಎಳೆ, ಸುತ್ತಿನ ಮೇಲೆ ಸುತ್ತು. ಮುಗಿದಾಗ ಗಿಡದ ಕುತ್ತಿಗೆ ತುಂಬ ಚಿನ್ನದ ಬಣ್ಣದ ರೇಷ್ಮೆ. ಗಂಟು ಎಲ್ಲಿದೆ ಎಂದು ನನಗೆ ಸಿಗಲೇ ಇಲ್ಲ. ಅವರಿಗೂ ಸಿಗಲಿಲ್ಲ.

ಹೆಂಡತಿ ಗಿಡವನ್ನು ಸುತ್ತ ತಿರುಗಿಸಿ ನೋಡಿ, ನಿಟ್ಟುಸಿರು ಬಿಟ್ಟಳು. "ನಮ್ ಮದ್ವೆಲಿ ನಿಮ್ ಮನೆಯವ್ರು ಮೈಸೂರಿಂದ ತಂದಿದ್ದು ಪಾಲಿಯೆಸ್ಟರ್ ಸೀರೆ. ಜ್ಞಾಪಕ ಐತಾ?"

ಆ ರೇಷ್ಮೆಯ ಗಿಡವೂ ಅತ್ತೆಯ ಹಿತ್ತಿಲು ಸೇರಿತು. ಅದೂ ಒಣಗಿತು. ರೇಷ್ಮೆ ಮಾತ್ರ ಹಾಗೇ ಇತ್ತು.

ಡಬ್ಬದೊಳಗಿನ ಕಡ್ಡಿ

ಚಾಕೂ ಅಲ್ಲ, ಪಟ್ಟಿಯೂ ಅಲ್ಲ. ಕಡ್ಡಿಯೇ ಸರಿಯಿಲ್ಲವೇನೋ. ಒಂದಷ್ಟು ಕಡ್ಡಿ ತೋರಿಸಿ ಕೇಳೋಣವೆಂದು ಮಾಗಡಿ ರಸ್ತೆಯ ನರ್ಸರಿಗೆ ಹೊರಟೆ. ಕಡ್ಡಿ ಬಾಡಬಾರದಲ್ಲ, ಅದಕ್ಕೆ ಲಸಿಕೆ ಒಯ್ಯುವ ಹಳೆಯ ಐಸ್ ಡಬ್ಬದಲ್ಲಿ ಒದ್ದೆ ಬಟ್ಟೆ ಸುತ್ತಿ ಇಟ್ಟುಕೊಂಡೆ. ಕಸಿ ಕಟ್ಟುವವರಿಗೆ ಅದರಂಥ ಸಾಮಾನು ಇನ್ನೊಂದಿಲ್ಲ ಎಂದು ಈಗಲೂ ಹೇಳುತ್ತೇನೆ.

ಕೂಟಗಲ್ ಹತ್ತಿರ ಒಬ್ಬ ರೈತರು ಕೈ ಅಡ್ಡ ಹಿಡಿದು ಬೈಕು ನಿಲ್ಲಿಸಿದರು. ನನ್ನನ್ನೂ ಬಲ್ಲರು, ಡಬ್ಬವನ್ನೂ ಬಲ್ಲರು.

"ಸಾರ್, ಎಮ್ಮೆ ಮೇವು ಬುಟ್ಬುಟ್ಟೈತೆ. ಒಸಿ ನೋಡಿ."

ಎಮ್ಮೆ ನೋಡಿದೆ. ಜ್ವರವೇನಿಲ್ಲ. ಹೊಟ್ಟೆ ಒಸಿ ಉಬ್ಬರಿಸಿತ್ತು, ಒಂದು ಔಷಧ ಹೇಳಿ, ಕೈ ತೊಳೆಯಲು ಮನೆಯ ಹಿಂದಕ್ಕೆ ಹೋದೆ. ವಾಪಸು ಬರುವಷ್ಟರಲ್ಲಿ ಆ ಮನುಷ್ಯರು ಡಬ್ಬ ತೆರೆದಿದ್ದರು. ಸರ್ಕಾರ ಇಂಜೆಕ್ಷನ್ ಬದಲು ಐಸಿನಲ್ಲಿಟ್ಟ ಕಡ್ಡಿ ಕೊಡುತ್ತಿದೆ ಎಂದರೆ ಅದರಲ್ಲಿ ಏನೋ ಇರಲೇಬೇಕು ಎಂದು ಅವರ ಲೆಕ್ಕ. ಎಮ್ಮೆಯ ಬಾಯಲ್ಲಿ ಕೊನೆಯ ಕಡ್ಡಿ ಅರ್ಧ ಒಳಗೆ, ಅರ್ಧ ಹೊರಗೆ.

ನಾನು ಹಾ ಹೂ ಎನ್ನುವುದರೊಳಗೆ ಆ ಅರ್ಧವೂ ಹೋಯಿತು.

ವಾರದ ನಂತರ ಅವರು ಆಸ್ಪತ್ರೆಗೇ ಬಂದರು. ಮುಖ ಅರಳಿತ್ತು. "ನಿಮ್ ಕೈಗುಣ ಸಾರ್! ಎಮ್ಮೆ ಈಗ ಗಪಗಪ ಅಂತ ತಿಂತಾ ಐತೆ. ಆ ಕಡ್ಡಿ ಇನ್ನೊಂದ್ ಕೋರ್ಸ್ ಕೊಡ್ಬುಡಿ."

ಫ್ಯಾಕ್ಟರಿ ತಪಾಸಣೆ

ನನ್ನ ಬಾಮೈದ, ಅಂದರೆ ಅತ್ತೆಯ ಮಗ, ಬಿಡದಿಯ ಒಂದು ಫ್ಯಾಕ್ಟರಿಯಲ್ಲಿ ಮಾಲು ತಪಾಸಣೆ ಮಾಡುವ ಕೆಲಸದಲ್ಲಿದ್ದ. ಇಷ್ಟು ದಿನ ಸುಮ್ಮನೆ ನೋಡುತ್ತಿದ್ದವನು ಒಂದು ಭಾನುವಾರ ಬಾಯಿ ಬಿಟ್ಟ.

"ಭಾವ, ನಿಮ್ದು ಪ್ರಾಸೆಸ್ಸೇ ಸರಿ ಇಲ್ಲ. ಕಚ್ಚಾ ಮಾಲು ಚೆಕ್ ಮಾಡ್ದೆ ಲೈನಿಗೆ ಬುಟ್ರೆ ಇನ್ನೇನಾಯ್ತದೆ?"

ಅಳತೆಯ ವರ್ನಿಯರ್ ತಂದಿದ್ದ, ಕೆಂಪು ಸ್ಟಿಕರ್ ತಂದಿದ್ದ. ಏಣಿ ಹಾಕಿ ಮರ ಹತ್ತಿದ. ಒಂದೊಂದೇ ಕಡ್ಡಿ ಅಳೆಯುತ್ತಾ ಹೋದ. ದಪ್ಪ ಇರುವುದಕ್ಕೆ ಒಂದು ಸ್ಟಿಕರ್, ಸಣ್ಣ ಇರುವುದಕ್ಕೆ ಒಂದು ಸ್ಟಿಕರ್, ಡೊಂಕಿಗೆ ಒಂದು ಸ್ಟಿಕರ್. ಇಳಿದು ಬಂದಾಗ ಕೈಗೆಟಕುವ ಕೊಂಬೆಗಳಲ್ಲಿ ನಾಲ್ಕಾರು ಕಡ್ಡಿ ಮಾತ್ರ ಪಾಸಾಗಿದ್ದವು. ಕೆಂಪು ಅಂಟಿದ್ದೆಲ್ಲ ರಿಜೆಕ್ಟು, ಅಂಟದಿದ್ದನ್ನು ಮಾತ್ರ ತಗೊಳ್ಳಿ ಎಂದ. ನಮ್ಮಿಬ್ಬರಿಗೂ ಹಸಿವಾಗಿತ್ತು, ಮುದ್ದೆ ಉಂಡು ಬಂದು ಕತ್ತರಿಸೋಣ ಎಂದು ಮನೆಗೆ ಹೋದೆವು.

ನಾವು ಬರುವಾಗ ಅತ್ತೆ ಮರದ ಕೆಳಗೆ ನಿಂತು ಕೈ ತೊಳೆದುಕೊಳ್ಳುತ್ತಿದ್ದರು. ಕೈಯೆಲ್ಲ ಕುಂಕುಮ.

"ಏನ್ಲಾ ಮಗಾ, ಎಲ್ಲಕ್ಕೂ ಬೊಟ್ಟಿಕ್ಕಿ ನಾಕಾರು ಕಡ್ಡಿಗೆ ಮಾತ್ರ ಬುಟ್ಟಿದ್ಯಲ್ಲ? ಅವು ಏನಂದ್ಕಂಡಾವು? ನಾನೇ ಇಕ್ಕಿವ್ನಿ."

ಬಾಮೈದ ಮರವನ್ನು ಒಂದು ಸಲ ಮೇಲಿಂದ ಕೆಳಗೆ ನೋಡಿ ಏಣಿ ಮಡಚಿದ. "ಭಾವ, ಲಾಟ್ ಪೂರ್ತಿ ರಿಜೆಕ್ಟು."

ಹಸಿ ಮೈ

ಹೀಗೆ ಯುಗಾದಿ ಕಳೆಯಿತು. ಮರ ಹೂ ಬಿಟ್ಟು ಕಾಯಿ ಕಚ್ಚಿತು. ನಾನು ಕಟ್ಟಿದ್ದು ಮಾತ್ರ ಒಂದೂ ಹಿಡಿದಿರಲಿಲ್ಲ. ಹೊಸ ಚಾಕು ತಂದೆ, ಕ್ಷೌರದ ಬ್ಲೇಡು ಪ್ರಯತ್ನಿಸಿದೆ, ಕನಕಪುರ ಸಂತೆಯಿಂದ ಗಿಡ ಸವರುವ ಕತ್ತರಿ ತಂದೆ, ಪ್ಲಾಸ್ಟಿಕ್ ಪಟ್ಟಿ ಸುತ್ತಿದೆ, ಜೇನುಮೇಣ ಮೆತ್ತಿದೆ. ನನ್ನ ಚೀಲ ಶಸ್ತ್ರಚಿಕಿತ್ಸೆ ಮಾಡುವ ಡಾಕ್ಟರ ಚೀಲಕ್ಕಿಂತ ಭಾರವಾಗಿತ್ತು. ಪ್ರತಿ ಭಾನುವಾರ ಹೋಗುವುದು, ಕಟ್ಟುವುದು, ಮುಂದಿನ ಭಾನುವಾರ ಸತ್ತದ್ದನ್ನು ಎಣಿಸುವುದು. ಅತ್ತೆ ಒಣಗಿದ ಕಡ್ಡಿಯನ್ನು ಸವರಿ, "ಪಾಪ" ಎನ್ನುತ್ತಿದ್ದರು, ಅಷ್ಟೇ. ಅದು ನನಗೆ ಬೈಗುಳಕ್ಕಿಂತ ಹೆಚ್ಚು ನೋಯುತ್ತಿತ್ತು.

ಒಂದು ಬುಧವಾರ ಸಂಜೆ ಬೈರಮಂಗಲದಲ್ಲಿ ಒಂದು ಹಸುವಿಗೆ ಕರು ಅಡ್ಡ ಬಂದಿದೆ ಎಂದು ಕರೆ ಬಂತು. ಡಾಕ್ಟರ ಜೊತೆ ಹೋಗಿ ಕೆಲಸ ಮುಗಿಸಿ, ಹೇಗೂ ಬಂದಿದ್ದೇನಲ್ಲ ಎಂದು ಅತ್ತೆ ಮನೆಗೆ ಹೋದೆ. ಹಿತ್ತಿಲಿನಿಂದ ದಟ್ಟ ಹೊಗೆ. ಬೆಂಕಿ ಬಿತ್ತೆಂದು ಓಡಿದೆ.

ಅತ್ತೆ ಕಾಲು ನೀಡಿ ಕೂತಿದ್ದರು. ಮುಂದೆ ನಾನು ಕಸಿ ಕಟ್ಟಿದ್ದ ಗಿಡಗಳು ಸಾಲಾಗಿದ್ದವು. ಪ್ರತಿ ಕಡ್ಡಿಯ ತಲೆಗೂ ಹಳೆಯ ಸೀರೆಯ ಚೂರು ಕಟ್ಟಿತ್ತು. ಪಟ್ಟಿ ಬಿಚ್ಚಿ, ಗಾಯದ ಜಾಗಕ್ಕೆ ಅರಿಶಿನ ಹರಳೆಣ್ಣೆ ಹಚ್ಚಿ ಮತ್ತೆ ಕಟ್ಟಿದ್ದರು. ಪಕ್ಕದಲ್ಲಿ ಕೆಂಡದ ಮೇಲೆ ಸಾಂಬ್ರಾಣಿ. ಒಲೆಯ ಮೇಲಿನ ಹಂಡೆಯಿಂದ ಚೊಂಬಿನಲ್ಲಿ ನೀರು ಮೊಗೆದು ಗಿಡದ ತಲೆಯ ಮೇಲೆ ಎತ್ತರದಿಂದ ಹುಯ್ಯುತ್ತಿದ್ದರು. ನೀರಿನಿಂದ ಹಬೆ ಏಳುತ್ತಿತ್ತು.

"ಅತ್ತೆ! ಏನಿದು?"

"ಇದೇನು ಹಿಂಗ್ ಕೇಳ್ತೀರಿ? ಕುಯ್ದು ಕಟ್ಟಿದ್ದೀರಿ, ಹಸಿ ಮೈ. ತಣ್ಣೀರು ಸೋಕಿದ್ರೆ ಸನ್ನಿ ಆಗಾಕಿಲ್ವಾ?"

"ಯಾವತ್ತಿಂದ ಹಿಂಗೆ ಮಾಡ್ತಿದ್ದೀರಾ?"

"ನೀವು ಮೊದ್ಲು ಕಟ್ಟಿದ್ ದಿನದಿಂದ! ಒಂದು ದಿನ ತಪ್ಸಿಲ್ಲ. ಗಂಡಸ್ರ ಮುಂದೆ ಬಾಣಂತೀಗೆ ನೀರು ಹುಯ್ಯಬಾರ್ದಲ್ಲ, ಭಾನ್ವಾರ ನೀವು ಬರೋ ಹೊತ್ಗೆ ಎಲ್ಲ ಮುಗ್ಸಿ, ತೊಳ್ದು, ಬಟ್ಟೆ ಬಿಚ್ಚಿಡ್ತಿದ್ದೆ. ನನ್ ಕೈಲಿ ಊರ್ನಾಗೆ ಎಷ್ಟು ಬಾಣಂತೀರು ಎದ್ದು ಓಡಾಡ್ತಾವ್ರೆ, ಯಾರ್ನಾರ ಕೇಳಿ."

ನಾನು ಅಲ್ಲೇ ಒಗೆಯುವ ಕಲ್ಲಿನ ಮೇಲೆ ಕೂತೆ. ಎಡಗೈ ಚಾಕು, ರೇಷ್ಮೆ, ಮೇಣ, ಎಲ್ಲ ಕಣ್ಣ ಮುಂದೆ ಬಂದುಹೋದವು. ಅತ್ತೆ ಚೊಂಬು ಕೆಳಗಿಟ್ಟು ನನ್ನನ್ನು ಕನಿಕರದಿಂದ ನೋಡಿದರು.

"ನಾನು ಇಷ್ಟು ಜೋಪಾನ ಮಾಡಿದ್ರೂ ಒಣಗ್ತವೆ ಅಂದ್ರೆ, ಬೇಜಾರು ಮಾಡ್ಕಬೇಡಿ ಅಳಿಯಂದ್ರೇ, ನಿಮ್ ಚಾಕಲ್ಲೇ ಏನೋ ದೋಸ ಐತೆ."

ತವರಿಗೆ ಹೋದ ಸೊಸೆ

ಬಿಸಿನೀರು ಬೇಡ ಎಂದರೆ ಅತ್ತೆ ಒಪ್ಪುವವರಲ್ಲ. ಹಾಗಾದರೆ ಗಿಡ ಸಾಯಲಿ ಅಂತೀರಾ ಎಂದು ಕಣ್ಣಲ್ಲಿ ನೀರು ತಂದುಕೊಂಡರು. ಅವರೇ ಸಾಯಿಸಿದ್ದು ಎಂದು ಹೇಳುವ ಧೈರ್ಯ ನನಗೂ ಇರಲಿಲ್ಲ, ಹೆಂಡತಿಗೂ ಇರಲಿಲ್ಲ. ಅಷ್ಟು ಪ್ರೀತಿಯಿಂದ ಹುಯ್ದ ನೀರನ್ನು ಹೇಗೆ ದೂರುವುದು?

ಅಷ್ಟರಲ್ಲಿ ಜ್ಯೇಷ್ಠ ಮುಗಿಯುತ್ತಾ ಬಂತು. ಫ್ಯಾಕ್ಟರಿಯ ಕಂಟ್ರಾಕ್ಟರ್ ಹೊಲ ನೋಡಿ ಹೋದ. ಆಷಾಢದಲ್ಲಿ ಒಳ್ಳೆಯ ಕೆಲಸ ಶುರು ಮಾಡಬಾರದಲ್ಲ, ಶ್ರಾವಣದಲ್ಲಿ ಭೂಮಿಪೂಜೆ, ಅದರ ಮಾರನೇ ದಿನ ಜೆಸಿಬಿ ಎಂದ. ಮರಕ್ಕೆ ಉಳಿದದ್ದು ಒಂದು ಆಷಾಢ. ಈ ಸಲ ಕಟ್ಟಿದ್ದು ಒಣಗಿದರೆ ಇನ್ನು ಕಡ್ಡಿ ತರಲು ಮರವೇ ಇರುವುದಿಲ್ಲ.

ಆಷಾಢ ಎಂಬ ಮಾತು ಕಿವಿಗೆ ಬಿದ್ದದ್ದೇ ನನಗೆ ದಾರಿ ಹೊಳೆಯಿತು. ಅಮಾವಾಸ್ಯೆಯ ಹಿಂದಿನ ದಿನ ಹೋಗಿ ಉಳಿದ ಸಸಿಗಳಿಗೆಲ್ಲ ಕಸಿ ಕಟ್ಟಿದೆ. ಯಾವ ಚಾಕಿನಲ್ಲಿ ಕುಯ್ದೆ ಎಂಬುದು ಈಗ ನೆನಪೇ ಇಲ್ಲ. ಆಮೇಲೆ ಅತ್ತೆಯ ಮುಂದೆ ಕೂತೆ.

"ಅತ್ತೆ, ನೀವು ಒಂದು ತಪ್ಪು ತಿಳ್ಕೊಂಡಿದ್ದೀರ. ಇದು ಹೆರಿಗೆ ಅಲ್ಲ, ಮದುವೆ."

"ಅದೆಂಗೆ?"

"ಈ ಸಸಿ ಯಾರದ್ದು? ನೀವು ಓಟೆ ಹಾಕಿ, ನೀರೆರೆದು ಬೆಳೆಸಿದ್ದು. ಅಂದ್ರೆ ನಿಮ್ಮ ಮಗ. ಈ ಕಡ್ಡಿ ಬೇರೆ ಮನೆಯಿಂದ ಬಂದು ಅವನ ತಲೆ ಮೇಲೆ ಕೂತಿದೆ."

ಅತ್ತೆ ಬಗ್ಗಿ ಕಡ್ಡಿಯನ್ನು ನೋಡಿದರು. "ತಲೆ ಮೇಲೆ ಕೂತ್ಕಂತಾ? ಹಂಗಾರೆ ಸೊಸೆನೇ, ಅನ್ಮಾನ ಇಲ್ಲ."

"ನಾಳಿದ್ದಿಂದ ಆಷಾಢ. ಹೊಸ ಸೊಸೆ."

ಅತ್ತೆ ಬೆಚ್ಚಿಬಿದ್ದರು. ತಟಕ್ಕನೆ ಎದ್ದು ಗಿಡಗಳಿಗೆ ಬೆನ್ನು ಹಾಕಿ ನಿಂತರು. "ಅಯ್ಯೋ ಸಿವ್ನೇ! ಮೊದ್ಲೇ ಹೇಳಾದಲ್ವಾ? ಲೇ ಮಗಾ, ಬಾರ್ಲಾ ಇಲ್ಲಿ. ಇವುನ್ನೆಲ್ಲಾ ಈಗಿಂದೀಗ್ಲೇ ತವರಿಗೆ ಬುಟ್ಟು ಬಾ!"

ತವರು ಎಂದರೆ ಮಾವಿನ ಮರದ ಅಡಿ. ಬಾಮೈದ ಎಲ್ಲವನ್ನೂ ಹೊತ್ತು ಅಲ್ಲಿ ನೆರಳಿನಲ್ಲಿ ಸಾಲಾಗಿ ಇಟ್ಟ, ಮೇಕೆ ಬಾರದಂತೆ ಮುಳ್ಳು ಕಟ್ಟಿದ. ನನಗೆ ಬೇಕಾದದ್ದೂ ಅದೇ: ಬಿಸಿಲು ತಾಕದ ಜಾಗ, ಆಗಾಗ ಹನಿಯುವ ಮಳೆ, ಮತ್ತು ಅತ್ತೆ ಇಲ್ಲದಿರುವುದು.

ಆ ತಿಂಗಳು ಅತ್ತೆ ಹೊಲದ ದಾರಿ ತುಳಿಯಲಿಲ್ಲ. ಆ ಕಡೆ ಹೋಗಲೇಬೇಕಾದಾಗ ಸೆರಗು ಮುಖಕ್ಕೆ ಮುಚ್ಚಿಕೊಂಡು, ಒಂದು ಸಲ ಅದರಿಂದಲೇ ಎಡವಿ ಬಿದ್ದರು. ಸುಮ್ಮನಿರಲಾರದೆ ದಿನಾ ಸಂಜೆ ಮಗನ ಕೈಯಲ್ಲಿ ಒಂದು ಕೊಡ ಬೆಚ್ಚಗಿನ ನೀರು ಕಳಿಸುತ್ತಿದ್ದರಂತೆ. ಫ್ಯಾಕ್ಟರಿಯಲ್ಲಿ ಇಡೀ ದಿನ ನಿಂತು ಬಂದವನು ಅದನ್ನು ಅರ್ಧ ದಾರಿಯ ಕಲ್ಲಿನ ಮೇಲೆ ಕೂತು ತನ್ನ ಕಾಲಿಗೇ ಹುಯ್ದುಕೊಳ್ಳುತ್ತಿದ್ದ. "ಸೊಸೆದೀರು ಏನಂದ್ರು?" ಎಂದು ಕೇಳಿದರೆ, "ಹಾಯಾಗೈತೆ ಅಂದ್ರು" ಎನ್ನುತ್ತಿದ್ದ.

ಆಷಾಢ ಕಳೆದ ಬೆಳಿಗ್ಗೆ ನಾನು, ಹೆಂಡತಿ ಇಬ್ಬರೂ ಹೋದೆವು. ಅತ್ತೆ ಆರತಿ ತಟ್ಟೆ ಹಿಡಿದು ಮುಂದೆ, ನಾವು ಹಿಂದೆ. ಕೆಲವು ಒಣಗಿದ್ದವು, ನಿಜ. ಆದರೆ ಮಿಕ್ಕವುಗಳ ತುದಿಯಲ್ಲಿ ತಾಮ್ರದ ಬಣ್ಣದ ಎಳೆ ಚಿಗುರು, ಇನ್ನೂ ಬಿಚ್ಚಿಕೊಳ್ಳದೆ ಜೋತುಬಿದ್ದಿತ್ತು. ಅತ್ತೆ ತಟ್ಟೆಯನ್ನು ಮಗಳ ಕೈಗೆ ಕೊಟ್ಟು, ಒಂದು ಚಿಗುರನ್ನು ಬೆರಳ ತುದಿಯಿಂದ ಮುಟ್ಟಿದರು. ಆಮೇಲೆ ಎದ್ದು ಹೋಗಿ ಮರದ ಬೊಡ್ಡೆಗೆ ಕೈ ಇಟ್ಟು ನಿಂತರು.

"ಅತ್ತೆಮ್ಮಾ, ನಿನ್ ಮಕ್ಕಳ್ನ ಮನೆಗೆ ಕರ್ಕಂಡ್ ಹೋಯ್ತೀನಿ ಕಣವ್ವಾ," ಎಂದರು.

ಮರಕ್ಕೆ ಹೇಳಿದರೋ, ತೀರಿಹೋದ ತಮ್ಮ ಅತ್ತೆಗೆ ಹೇಳಿದರೋ, ನಾನು ಕೇಳಲಿಲ್ಲ. ಎಲ್ಲದಕ್ಕೂ ಯಾಕೆ, ಹೆಂಗೆ ಎಂದು ಕೇಳುವ ನಾನು ಆವತ್ತು ಎರಡು ಗಿಡ ಎತ್ತಿಕೊಂಡು ಮನೆಯ ಕಡೆ ನಡೆದೆ. ಜೆಸಿಬಿ ಬಂದ ದಿನ ಅತ್ತೆ ಹೊಲದ ಕಡೆಗೆ ಬೆನ್ನು ಹಾಕಿ, ಹಿತ್ತಿಲಿನಲ್ಲಿ ಸೊಸೆಯರ ಮುಂದೆ ಕೂತಿದ್ದರು.

ಗಿಡಗಳು ಹಿತ್ತಿಲಿನ ನೆಲ ಸೇರಿದವು. ಬೇರು ಬಿಟ್ಟ ಗಿಡಕ್ಕೆ ಬೆಚ್ಚಗಿನ ನೀರು ಹುಯ್ದರೆ ಮೈಯೆಲ್ಲ ಸುಟ್ಟ ಗುಳ್ಳೆ ಏಳುತ್ತದೆ, ಸೊಸೆಯ ಅಂದ ಕೆಡುತ್ತದೆ ಎಂದು ಹೆಂಡತಿ ಹೆದರಿಸಿದ್ದರಿಂದ ಅತ್ತೆ ತಣ್ಣೀರಿಗೆ ಒಪ್ಪಿದ್ದರು. ಕೆಲವು ವರ್ಷ ಹಾಯಾಗಿ ಕಳೆಯಿತು. ಒಂದು ಮಾಘದ ಬೆಳಿಗ್ಗೆ ನನ್ನ ಮೊಬೈಲು ಹೊಡೆದುಕೊಂಡಿತು. ಆ ಕಡೆಯಿಂದ ಅತ್ತೆ, ಊರಿಗೆಲ್ಲ ಕೇಳಿಸುವ ದನಿಯಲ್ಲಿ:

"ಅಳಿಯಂದ್ರೇ, ದೊಡ್ಡ್ ಸೊಸೆ ಹೂ ಬುಟ್ಟವ್ಳೆ! ಕಾಯೂ ಕಚ್ತಾ ಐತೆ!"

ನಾನು ಖುಷಿಯಿಂದ ಹೆಂಡತಿಯನ್ನು ಕೂಗಿದೆ. ಅಷ್ಟರಲ್ಲಿ ಫೋನಿನೊಳಗಿಂದ ಹಂಡೆ ಎಳೆದ ಸದ್ದು, ಅದರ ಹಿಂದೆ ಸೌದೆ ಮುರಿದ ಸದ್ದು.

"ಈಗ್ ಹೇಳಿ, ಇದು ಹೆರಿಗೆ ತಾನೇ? ನೀರ್ ಕಾಯಾಕ್ ಇಕ್ಲಾ?"